ಕಂಪ್ಯೂಟರಿಗೆ ಬಸಪ್ಪನ ಅಪ್ಪಣೆ

ಎಲ್ಲವನ್ನೂ ಕೊಟ್ಟ ದೇವರು ನಮ್ಮ ಪಕ್ಕದ ಮನೆಯ ಬಸವಕುಮಾರನಿಗೆ ಅನುಮಾನವೊಂದನ್ನು ಕೊಡುವುದನ್ನು ಮರೆತುಬಿಟ್ಟಿದ್ದಾನೆ. ಮಳೆ ಬರುವುದಿಲ್ಲ ಎಂದು ಹೇಳಿ ಛತ್ರಿ ಬಿಟ್ಟು ಹೊರಡುತ್ತಾನೆ. ತೊಯ್ದು ತೊಪ್ಪೆಯಾಗಿ ಬಂದಮೇಲೂ, "ಇದು ಮಳೆ ಅಲ್ಲ ಶಿವರುದ್ರಣ್ಣ, ಬರೀ ಮೋಡ ಹಾದುಹೋಗಿದ್ದು" ಎನ್ನುತ್ತಾನೆ. ಮನೆ ಕೊಳ್ಳೇಗಾಲದಲ್ಲಿ, ಗುಮಾಸ್ತಿಕೆ ಯಳಂದೂರಿನ ಒಂದು ಸರ್ಕಾರಿ ಕಚೇರಿಯಲ್ಲಿ, ಹೆಂಡತಿ ಹನೂರಿನ ಕಡೆಯವಳು. ಈ ಮೂರೂ ತಾಲ್ಲೂಕುಗಳಲ್ಲಿ ಅವನು ತಪ್ಪೊಪ್ಪಿಕೊಂಡಿದ್ದನ್ನು ಕಂಡವರು ಒಬ್ಬರೂ ಇಲ್ಲ. ನಾನು ವಿದ್ಯುತ್ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಮೀಟರ್ ಓದಿ ನಿವೃತ್ತನಾದವನು. ಮಾಡಲು ಬೇರೆ ಕೆಲಸವಿಲ್ಲದ್ದರಿಂದ ಅವನ ಎಲ್ಲ ಸಾಹಸಗಳಿಗೂ ಸಾಕ್ಷಿಯಾಗಿದ್ದೇನೆ.

ಬಸವಕುಮಾರನ ಮನೆಯ ನಡುಮನೆಯಲ್ಲಿ ಒಂದು ಕಂಪ್ಯೂಟರ್ ಇದೆ. ಬರೀ ಕಂಪ್ಯೂಟರ್ ಅಂದರೆ ಅವನಿಗೆ ಕೋಪ ಬರುತ್ತದೆ, ಗೇಮಿಂಗ್ ಕಂಪ್ಯೂಟರ್ ಅನ್ನಬೇಕು. ಹತ್ತು ವರ್ಷದ ಹಿಂದೆ ಮೈಸೂರಿನಿಂದ ಬಾಡಿಗೆ ಕಾರಿನಲ್ಲಿ, ಮದುವೆ ಹೆಣ್ಣನ್ನು ಕರೆತರುವಂತೆ ಕರೆತಂದಿದ್ದ. ಅದರ ಡಬ್ಬದೊಳಗೆ ಕೆಂಪು ದೀಪ ಉರಿಯುತ್ತಿತ್ತು. ಅದು ಬಂದ ದಿನವೇ ಹೆಂಡತಿ ಮಾಲಿನಿ ಅದಕ್ಕೆ ಮೂರು ಬೆರಳಿನ ವಿಭೂತಿ ಬಳಿದು, ಕುಂಕುಮವಿಟ್ಟು, ಹೂ ಮುಡಿಸಿದಳು. ಅಂದಿನಿಂದ ಮಂಗಳವಾರ, ಶುಕ್ರವಾರ ತಪ್ಪದೆ ಪೂಜೆ. ಡಬ್ಬದ ಮೇಲ್ಗಡೆ ಗಾಳಿಯಾಡಲು ಬಿಟ್ಟಿರುವ ತೂತುಗಳು ಊದುಬತ್ತಿ ಸಿಗಿಸಲೆಂದೇ ಮಾಡಿದಂತಿದ್ದವು. ಅಲ್ಲಿ ಎರಡು ಊದುಬತ್ತಿ, ಪಕ್ಕದಲ್ಲಿ ನೈವೇದ್ಯಕ್ಕೆ ಒಂದು ಚೂರು ಬೆಲ್ಲ.

ಡಬ್ಬದ ಬೆನ್ನಿಗೆ ಬೆಳ್ಳಿ ಬಣ್ಣದ ಒಂದು ಚೀಟಿ ಅಂಟಿಸಿದ್ದರು. ಅದನ್ನು ಕಿತ್ತರೆ ಗ್ಯಾರಂಟಿ ಹೋಗುತ್ತದೆ ಎಂದು ಅದರ ಮೇಲೆ ಬರೆದಿತ್ತು. ಗ್ಯಾರಂಟಿ ಇದ್ದದ್ದು ಮೂರು ವರ್ಷ, ಅದು ಮುಗಿದು ಏಳು ವರ್ಷವಾಗಿತ್ತು. ಆದರೂ ಆ ಚೀಟಿಯ ಹತ್ತಿರ ಯಾರ ಕೈ ಹೋದರೂ ಬಸವಕುಮಾರ ಹೌಹಾರುತ್ತಿದ್ದ. ಹೀಗಾಗಿ ಹತ್ತು ವರ್ಷದಲ್ಲಿ ಆ ಡಬ್ಬದ ಬಾಗಿಲನ್ನು ನರಮನುಷ್ಯರು ಯಾರೂ ತೆಗೆದಿರಲಿಲ್ಲ.

ಅದರಲ್ಲಿ ಅವನು ಆಡುತ್ತಿದ್ದುದು ಒಂದೇ ಆಟ. ಸರಕು ತುಂಬಿದ ಲಾರಿಯನ್ನು ಘಾಟಿ ರಸ್ತೆಯಲ್ಲಿ ಮೇಲಕ್ಕೆ ಓಡಿಸಬೇಕು. ನಮ್ಮ ಮಾದೇಶ್ವರ ಬೆಟ್ಟದ ರಸ್ತೆಯಂತೆಯೇ ಅದರಲ್ಲೂ ತಿರುವಿನ ಮೇಲೆ ತಿರುವು. ಬಸವಕುಮಾರನ ಲಾರಿ ಆರು ತಿರುವು ಚೆನ್ನಾಗಿ ಹತ್ತುತ್ತಿತ್ತು. ಏಳನೆಯದಕ್ಕೆ ಬರುವ ಹೊತ್ತಿಗೆ ಡಬ್ಬ ಅಕ್ಕಿ ಗಿರಣಿಯ ಹಾಗೆ ಸದ್ದು ಮಾಡಿ, ಕಾದು, ಪರದೆಯ ಮೇಲಿನ ಚಿತ್ರ ಹಾಗೇ ನಿಂತುಬಿಡುತ್ತಿತ್ತು. ಚಿತ್ರಕ್ಕೆ ಮತ್ತೆ ಜೀವ ಬರುವಷ್ಟರಲ್ಲಿ ಲಾರಿ ಕಮರಿಯಲ್ಲಿರುತ್ತಿತ್ತು.

ಇಷ್ಟೇ ಆಗಿದ್ದರೆ ಕಥೆಯೇನೂ ಇರುತ್ತಿರಲಿಲ್ಲ. ಆದರೆ ಅವನ ಕಚೇರಿಯಲ್ಲಿ ರಂಗರಾಜು ಎಂಬ ಕಿರಿಯ ಗುಮಾಸ್ತನೊಬ್ಬನಿದ್ದಾನೆ. ಬಸವಕುಮಾರನಿಗಿಂತ ಹತ್ತು ವರ್ಷ ಚಿಕ್ಕವನು, ಹೊಸ ಕಂಪ್ಯೂಟರ್ ಕೊಂಡವನು, ಅದೇ ಆಟ ಆಡುವವನು. ಒಂದು ದಿನ ಟೀ ಕುಡಿಯುವಾಗ ಎಲ್ಲರೆದುರಿಗೆ, "ಕುಮಾರಣ್ಣ, ನಿಮ್ ಲಾರಿ ಏಳ್ನೇ ತಿರುವು ದಾಟಿದ್ದ ನಾ ಇದುವರ್ಗೂ ನೋಡಿಲ್ಲ ಕಣಣ್ಣ" ಎಂದ.

"ಅದು ನನ್ ತಪ್ಪಲ್ಲ ಕಣಯ್ಯ, ಕಂಪ್ಯೂಟ್ರಿಗೆ ವಯಸ್ಸಾಗಿದೆ. ಒಂದೇ ಒಂದು ಪಾರ್ಟು ಬದಲಾಯಿಸ್ತೀನಿ, ಆಮೇಲ್ ನೋಡು" ಎಂದ ಬಸವಕುಮಾರ. ಅಷ್ಟಕ್ಕೆ ಟೀ ಮುಗಿಸಿ ಏಳಬಹುದಿತ್ತು. ಏಳಲಿಲ್ಲ. "ಇವತ್ತಿಂದ ಎರಡ್ನೇ ಭಾನುವಾರ ಹನ್ನೊಂದು ಗಂಟೆಗೆ ಪಂದ್ಯ. ನಿಮ್ಮನೆಯಿಂದ ನೀನು, ನಮ್ಮನೆಯಿಂದ ನಾವು. ಮೂರು ಸರದಿ, ಯಾರ ಲಾರಿ ಹೆಚ್ಚು ತಿರುವು ಹತ್ತುತ್ತೋ ಸರದಿ ಅವ್ರದು. ಗೆದ್ದೋರು ಯಾರೇ ಆಗ್ಲಿ, ಸೋತೋರು ಅವ್ರನ್ನ ಆಫೀಸಿನಲ್ಲಿ ಎಲ್ಲರೆದುರಿಗೆ ಅಣ್ಣಾ ಅಂತ ಕರೀಬೇಕು. ಒಂದಿನ ಅಲ್ಲ, ರಿಟೈರ್ ಆಗೋ ತನಕ."

ರಂಗರಾಜುವಿಗೆ ಇದರಲ್ಲಿ ಕಳೆದುಕೊಳ್ಳುವುದೇನೂ ಇರಲಿಲ್ಲ, ಹೇಗೂ ದಿನಾ ಅಣ್ಣಾ ಅನ್ನುತ್ತಲೇ ಇದ್ದ. ಸಂತೋಷವಾಗಿ ಕೈ ಕೊಟ್ಟ. ಕಳೆದುಕೊಳ್ಳುವುದು ಇದ್ದದ್ದು ಬಸವಕುಮಾರನಿಗೆ. ತನ್ನ ಕೈಕೆಳಗೆ ಅರ್ಜಿಗೆ ನಂಬರು ಹಾಕುವ ಹುಡುಗನನ್ನು ನಿವೃತ್ತಿಯಾಗುವವರೆಗೆ, ಹದಿನೇಳು ವರ್ಷ, ಅಣ್ಣ ಎನ್ನುವುದು! ನಮ್ಮ ಕಡೆ ಇದಕ್ಕಿಂತ ಬೀದಿಯಲ್ಲಿ ತಲೆ ಬೋಳಿಸಿಕೊಳ್ಳುವುದು ಮೇಲು.

ಆ ಸಂಜೆ ಅವನು ಪಾರ್ಟಿನ ವಿಷಯ ಎತ್ತಿದಾಗ ಮಾಲಿನಿ ಕೊತ್ತಂಬರಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಒಂದು ಪಾರ್ಟು. ಒಂದೇ. ಎರಡನೇದು ಈ ಹೊಸಿಲು ದಾಟಿ ಒಳಗೆ ಬಂದ್ರೆ, ನಾನು ಇದೇ ಹೊಸಿಲು ದಾಟಿ ಹನೂರು ಬಸ್ಸು ಹತ್ತುತ್ತೀನಿ."

ಹಾಗಾಗಿ ಪ್ರಶ್ನೆ ಒಂದೇ ಉಳಿಯಿತು. ಯಾವ ಪಾರ್ಟು?

ಮೊದಲು ನನ್ನನ್ನು ಕೇಳಿದ. ನನಗೆ ಗೊತ್ತಿರುವುದು ಕರೆಂಟು. ಆದ್ದರಿಂದ ರೋಗವೂ ಕರೆಂಟಿನದೇ ಎಂದು ನನಗೆ ಕಂಡಿತು. "ಪವರ್ ಸಪ್ಲೈ ಬದಲಾಯಿಸು. ವೋಲ್ಟೇಜ್ ಸಾಲದೆ ಲಾರಿ ಏರು ಹತ್ತುತ್ತಿಲ್ಲ" ಎಂದೆ. ಗಂಭೀರವಾಗಿಯೇ ಹೇಳಿದೆ. ಬಸವಕುಮಾರ ನನ್ನ ಕೈ ಕುಲುಕಿ, "ನಾನೂ ಇದನ್ನೇ ಅಂದ್ಕೊಂಡಿದ್ದೆ" ಎಂದು ಹೋದ.

ಮಾರನೇ ದಿನ ಬಸ್‌ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿಯ ಮಹದೇವಪ್ರಸಾದ್, "ಸಾ, ಪವರ್ ಸಪ್ಲೈ ಅಲ್ಲ ಸಾ, ಗ್ರಾಫಿಕ್ಸ್ ಕಾರ್ಡು. ಚಿತ್ರ ಬರ್ಸದು ಅದೇಯ. ಒಂದ್ಸಲ ಡಬ್ಬ ಬಿಚ್ಚಿ ನೋಡ್ತೀನಿ, ತಕಂಡ್ ಬನ್ನಿ" ಎಂದ. ಬಿಚ್ಚುವುದು ಎಂಬ ಮಾತು ಕೇಳಿದೊಡನೆ ಬಸವಕುಮಾರ ಎರಡು ಹೆಜ್ಜೆ ಹಿಂದೆ ಸರಿದ. "ಸೀಲ್ ಒಡೆಯೋ ಹಾಗಿಲ್ಲ. ಗ್ಯಾರಂಟಿ ಹೋಗ್ತದೆ. ಆದ್ರೆ ಗ್ರಾಫಿಕ್ಸ್ ಕಾರ್ಡು ಅನ್ನೋದು ನಿಜ, ನಾನೂ ಇದನ್ನೇ ಅಂದ್ಕೊಂಡಿದ್ದೆ."

ಬುಧವಾರ ಮೊಬೈಲಿನಲ್ಲಿ ಯಾರೋ ಗಡ್ಡದವನ ವಿಡಿಯೋ ನೋಡಿ, ಬದಲಾಯಿಸಬೇಕಾದ್ದು ರ‍್ಯಾಮ್ ಎಂದು ಖಚಿತಪಡಿಸಿಕೊಂಡ. ಗುರುವಾರ ಕ್ಷೌರಕ್ಕೆ ಹೋದವನಿಗೆ ಕ್ಷೌರದ ಶಿವಶಂಕರ, ತನ್ನ ಅಂಗಡಿಯ ಕ್ಯಾಮರಾ ಕೆಟ್ಟಾಗ ಹಾರ್ಡ್ ಡಿಸ್ಕ್ ಹಾಕಿಸಿದ ಮೇಲೆಯೇ ಸರಿಹೋಯಿತೆಂದು ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡು ಹೇಳಿದ. ಕತ್ತಿ ಕತ್ತಿನ ಮೇಲಿದ್ದಾಗ ಒಪ್ಪದಿರುವವರು ಯಾರು? ಬಸವಕುಮಾರ ಹಾರ್ಡ್ ಡಿಸ್ಕಿಗೆ ಬಂದ. ಹೀಗೆ ನಾಲ್ಕು ದಿನದಲ್ಲಿ ನಾಲ್ಕು ಪಾರ್ಟಿನ ಬಗ್ಗೆಯೂ ಅವನಿಗೆ ಸಂಪೂರ್ಣ ವಿಶ್ವಾಸ ಹುಟ್ಟಿತು. ಸಮಸ್ಯೆಯೆಂದರೆ ನಾಲ್ಕರ ಮೇಲೂ ಒಂದೇ ಸಮನಾದ ವಿಶ್ವಾಸ.

ನಡುವೆ ಒಂದು ಸಲ, ನಾವು ಜಗಲಿಯಲ್ಲಿ ಕುಳಿತು ವಾದ ಮಾಡುತ್ತಿದ್ದಾಗ, ಒಂಬತ್ತನೇ ಕ್ಲಾಸಿನಲ್ಲಿರುವ ಅವನ ಮಗಳು ಶೃತಿ ಬಾಗಿಲಿಗೆ ಬಂದು, "ಅಪ್ಪಾ, ಅದು ಹ್ಯಾಂಗ್ ಆಗೋದು ಯಾಕೆ ಅಂದ್ರೆ..." ಎಂದು ಶುರುಮಾಡಿದಳು.

"ಪರೀಕ್ಷೆ ಹತ್ರ ಬಂತು, ಓದ್ಕೊ ಹೋಗಮ್ಮ. ದೊಡ್ಡೋರು ಮಾತಾಡ್ತಿದ್ದೀವಿ" ಎಂದ ಬಸವಕುಮಾರ. ನಾನೂ ಹೌದೆಂದು ತಲೆಯಾಡಿಸಿದೆ. ಮಗು ಒಳಗೆ ಹೋಯಿತು.

ಶುಕ್ರವಾರ ಸಂಜೆ ಮಾವ ದೊಡ್ಡಮಾದಪ್ಪನವರ ಫೋನ್ ಬಂತು. ಹನೂರಿನ ಹತ್ತಿರ ಶಾಗ್ಯದ ಪಕ್ಕದ ಹಳ್ಳಿಯವರು, ಜಮೀನ್ದಾರರು, ಗಟ್ಟಿ ಗಂಟಲಿನವರು. ಫೋನ್ ಇಲ್ಲದಿದ್ದರೂ ಕೊಳ್ಳೇಗಾಲಕ್ಕೆ ಕೇಳಿಸೀತು.

"ಅಳೀಂದ್ರೆ, ನಾಕ್ ಜನ ನಾಕ್ ಮಾತಾಡ್ತಾವ್ರಂತಲ್ಲಾ? ಯಾರ್ ಮಾತ ನಂಬೀರಿ? ನಮ್ಮೂರ್ ಬಸಪ್ಪ ಇರದು ಯಾತಕ್ಕೆ? ನಾಕೂ ತಕಂಡು ಭಾನ್ವಾರ ಬನ್ನಿ, ಕೇಳ್ಬುಡವ."

ಬಸಪ್ಪನೆಂದರೆ ಆ ಊರಿನ ದೇವರ ಎತ್ತು. ಬಿಳಿಯ ಮೈ, ಬಣ್ಣ ಬಳಿದ ಕೊಂಬು, ಮೇಲೆ ರೇಷ್ಮೆ ಗವುಸು. ಬೋರ್‌ವೆಲ್ ಎಲ್ಲಿ ಕೊರೆಸುವುದು, ಎರಡು ಸಂಬಂಧಗಳಲ್ಲಿ ಯಾವುದನ್ನು ಒಪ್ಪುವುದು, ಅಣ್ಣತಮ್ಮಂದಿರಲ್ಲಿ ರಸ್ತೆ ಬದಿಯ ಹೊಲ ಯಾರಿಗೆ ಎಂಬಂಥ ಪ್ರಶ್ನೆಗಳನ್ನೆಲ್ಲ ಆ ಊರಿನಲ್ಲಿ ಬಸಪ್ಪನಿಗೆ ಒಪ್ಪಿಸುತ್ತಾರೆ. ಕಂಬಳಿ ಹಾಸಿ ಸಾಲಾಗಿ ಗುರುತು ಇಡುತ್ತಾರೆ. ಬಸಪ್ಪ ಯಾವುದರ ಮೇಲೆ ಪಾದ ಕೊಡುತ್ತದೋ ಅದೇ ತೀರ್ಪು. ಅದರ ಮೇಲೆ ಅಪೀಲಿಲ್ಲ.

ಬಸವಕುಮಾರನಿಗೆ ಇದು ಹಿಡಿಸಿತು. ನಾಲ್ವರ ಮನಸ್ಸನ್ನೂ ನೋಯಿಸದೆ ಒಂದನ್ನು ಆರಿಸಲು ಇದಕ್ಕಿಂತ ಒಳ್ಳೆಯ ದಾರಿಯಿರಲಿಲ್ಲ. ಭಾನುವಾರ ಬೆಳಿಗ್ಗೆ ಕಂಪ್ಯೂಟರಿನ ಡಬ್ಬವನ್ನು ಹೊಸ ಪಂಚೆಯಲ್ಲಿ ಸುತ್ತಿ, ಅವನು, ಮಾಲಿನಿ, ಶೃತಿ ಮತ್ತು ಕರೆಂಟಿನ ವಿಷಯಕ್ಕೆ ಇರಲಿ ಎಂದು ನಾನು, ಹನೂರು ಬಸ್ಸು ಹತ್ತಿದೆವು. ಪಂಚೆಯ ಸಂದಿಯಲ್ಲಿ ಡಬ್ಬದ ಹಣೆ, ಅಂದರೆ ವಿಭೂತಿ ಕುಂಕುಮ ಇರುವ ಭಾಗ, ಕಾಣುತ್ತಿತ್ತು.

ಕಂಡಕ್ಟರ್ ಬಂದು, "ಏನ್ ಸಾ ಅದು, ಗ್ರೈಂಡರ್ರಾ? ಲಗೇಜ್ ಟಿಕೆಟ್ ತಕಬೇಕು" ಎಂದ.

"ಗ್ರೈಂಡರ್ ಅಲ್ಲ ಕಣ್ರಿ. ಬಸಪ್ಪನ ಹತ್ರ ಕರ್ಕೊಂಡು ಹೋಗ್ತಿದ್ದೀವಿ" ಎಂದ ಬಸವಕುಮಾರ ಠೀವಿಯಿಂದ.

ಕಂಡಕ್ಟರ್ ಹಣೆಯ ಮೇಲಿನ ವಿಭೂತಿ ನೋಡಿದ. ಟಿಕೆಟ್ ಯಂತ್ರವನ್ನು ಬಗಲಿಗೆ ಸಿಗಿಸಿ ಕೈ ಮುಗಿದ. ಮುಂದಿನ ಸೀಟಿನ ಅಜ್ಜಿಯೊಬ್ಬರು ತಟ್ಟನೆ ಎದ್ದು, "ಬನ್ನಿ ಸ್ವಾಮಿ, ದೇವ್ರುನ್ನ ತೊಡೆ ಮ್ಯಾಲ್ ಮಡಿಕಂಡೀರಾ, ಸೀಟ್ ಮ್ಯಾಲ್ ಮಡಿಗಿ" ಎಂದು ಜಾಗ ಬಿಟ್ಟರು. ಬೇಡವೆನ್ನಲು ಬಸವಕುಮಾರನಿಗೆ ಮನಸ್ಸಾಗಲಿಲ್ಲ. ಡಬ್ಬ ಕುಳಿತುಕೊಂಡಿತು, ನಾನು ನಿಂತೆ. ಇಡೀ ದಾರಿ ಬಸ್ಸಿನವರು ಬಂದು ಬಂದು ಡಬ್ಬ ಮುಟ್ಟಿ ಕಣ್ಣಿಗೊತ್ತಿಕೊಂಡರು. ಮಾರ್ಟಳ್ಳಿಯ ಕಡೆಗೆ ಹೋಗುತ್ತಿದ್ದ ಒಬ್ಬರು, "ಯಾವ ಊರು ಸಾಮಿ?" ಎಂದು ಭಕ್ತಿಯಿಂದ ಕೇಳಿದರು. ಬಸವಕುಮಾರ "ಮೈಸೂರು" ಎಂದ. ಅದು ಸುಳ್ಳೇನೂ ಅಲ್ಲವಲ್ಲ.

ಬಸ್ಸಿಗಿಂತ ಫೋನು ಜೋರಾಗಿ ಓಡುತ್ತದೆ. ನಾವು ಇಳಿಯುವ ಹೊತ್ತಿಗೆ ಮೈಸೂರಿನಿಂದ ದೇವರು ಬರುತ್ತಿದೆಯೆಂದು ಊರಿಗೆಲ್ಲ ಗೊತ್ತಾಗಿ, ಸ್ಟಾಪಿನಲ್ಲಿ ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಅತ್ತೆ ಪುಟ್ಟಮಲ್ಲಮ್ಮನವರು ಆರತಿ ಹಿಡಿದು ನಿಂತಿದ್ದರು. ಅದು ಕಂಪ್ಯೂಟರೆಂದು ದೊಡ್ಡಮಾದಪ್ಪನವರು ಎಲ್ಲರಿಗೂ ಬಿಡಿಸಿ ಹೇಳಿದರು. ಹೇಳಿದ ಮೇಲೂ ಯಾರೂ ಮನೆಗೆ ಹೋಗಲಿಲ್ಲ. ಕಂಪ್ಯೂಟರಿಗೆ ಬಸಪ್ಪ ಏನು ಹೇಳುತ್ತದೆ ಎಂಬುದು ಇನ್ನೂ ದೊಡ್ಡ ವಿಷಯವಾಗಿತ್ತು.

ಗುಡಿಯ ಮುಂದೆ ಕಂಬಳಿ ಹಾಸಿತ್ತು. ಅಷ್ಟರಲ್ಲಿ, ಬಸವಕುಮಾರ ಹೇಳಿಟ್ಟಿದ್ದಂತೆ, ಮಹದೇವಪ್ರಸಾದ್ ಕೊಳ್ಳೇಗಾಲದಿಂದ ಬೈಕಿನಲ್ಲಿ ನಾಲ್ಕು ಪಾರ್ಟಿನ ಪೆಟ್ಟಿಗೆ ಕಟ್ಟಿಕೊಂಡು ಬಂದ. ಗ್ರಾಫಿಕ್ಸ್ ಕಾರ್ಡು, ರ‍್ಯಾಮ್, ಹಾರ್ಡ್ ಡಿಸ್ಕ್, ಪವರ್ ಸಪ್ಲೈ, ನಾಲ್ಕನ್ನೂ ಸಾಲಾಗಿ ಇಟ್ಟ. ಎಲ್ಲಕ್ಕೂ ಒಂದೊಂದು ಹೂ. ಬಸಪ್ಪನನ್ನು ನೋಡಿಕೊಳ್ಳುವ ಚಿಕ್ಕಸಿದ್ದಯ್ಯ ಒಂದು ಪೆಟ್ಟಿಗೆಯನ್ನು ಸರಿಮಾಡಿ ಇಡಲೆಂದು ಎತ್ತಿದ. ಎತ್ತಿದವನು ಮತ್ತೊಂದು ಸಲ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

"ಇದು ಖಾಲಿ ಅದೆ!"

ನಾಲ್ಕೂ ಖಾಲಿ. ಮಹದೇವಪ್ರಸಾದನ ಮುಖ ಸಣ್ಣದಾಯಿತು. "ಸಾ, ಬಸಪ್ಪ ಪಾದ ಮಡಗದು ಮಾಲಿನ ಮ್ಯಾಲಲ್ವಾ ಸಾ? ಪಾದ ಮಡಗುದ್ ಮ್ಯಾಲೆ ನಾನ್ ಅದ್ನ ಯಾರ್ಗ್ ಮಾರ್ಲಿ?"

"ಖಾಲಿ ಡಬ್ಬ ಮಡಗಿ ದೇವ್ರುನ್ನೇ ಏಮಾರ್ಸಕ್ ಬಂದಿದ್ದೀಯಲ್ಲಲಾ!" ದೊಡ್ಡಮಾದಪ್ಪನವರು ಗುಡುಗಿದರು.

ಜನ ಎರಡು ಪಂಗಡವಾದರು. ಗುರುತಿಗೆ ಖಾಲಿ ಡಬ್ಬವೇ ಸಾಕು, ಬೋರ್‌ವೆಲ್ ಕೇಳುವಾಗ ಬೋರ್‌ವೆಲ್ಲನ್ನೇ ತಂದಿಡುತ್ತೇವೆಯೇ ಎಂದು ಕೆಲವರು. ದೇವರ ಮುಂದೆ ಟೊಳ್ಳು ಇಡಬಾರದೆಂದು ಕೆಲವರು. ಅರ್ಧ ಗಂಟೆ ವಾದವಾಯಿತು. ಬಸಪ್ಪ ಅಷ್ಟು ಹೊತ್ತೂ ಬಿಸಿಲಿನಲ್ಲಿ ನಿಂತು ಬಾಲದಿಂದ ನೊಣ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ದೊಡ್ಡಮಾದಪ್ಪನವರೇ ರಾಜಿ ಸೂತ್ರ ಹೇಳಿದರು. "ಡಬ್ಬ ಖಾಲಿ ಇರ್ಲಿ. ಆದ್ರೆ ಕಾಯ್ಲೆ ಬಿದ್ದಿರದ್ನ ಬಿಚ್ಚಿ ಮಡಗಿ. ಮುಚ್ಚುದ್ ಪೆಟ್ಗೆ ನೋಡಿ ಬಸಪ್ಪ ಏನಂತ ಹೇಳ್ದಾದು?"

"ಬಿಚ್ಚಬಾರ್ದು ಮಾವ, ಸೀಲು!" ಎಂದು ಬಸವಕುಮಾರ ಅಡ್ಡ ಬಂದ.

"ಯಾವ್ ಸೀಲು?" ಎಂದರು ಮಾವ. ಸೊಂಟದ ಕುಡುಗೋಲು ತೆಗೆದು ಒಂದೇ ಎಳೆತಕ್ಕೆ ಬೆಳ್ಳಿ ಚೀಟಿಯನ್ನು ಸೀಳಿದರು. ಡಬ್ಬದ ಪಕ್ಕದ ಬಾಗಿಲು ಹತ್ತು ವರ್ಷದ ನಂತರ ಕಿರುಗುಟ್ಟಿ ತೆರೆಯಿತು. ಬಸವಕುಮಾರ ಕಣ್ಣು ಮುಚ್ಚಿಕೊಂಡ. ಶೃತಿ ಬಗ್ಗಿ ನೋಡಿ, "ಅಪ್ಪಾ, ನೋಡಿ ಇಲ್ಲಿ, ಫ್ಯಾನಿನ ತುಂಬಾ..." ಎಂದಳು. "ಬಸಪ್ಪನ್ ಮುಂದೆ ಮಕ್ಳು ಮಾತಾಡ್ಬಾರ್ದು ಕಣವ್ವ" ಎಂದು ಪುಟ್ಟಮಲ್ಲಮ್ಮನವರು ಮೊಮ್ಮಗಳನ್ನು ಹಿಂದಕ್ಕೆ ಎಳೆದುಕೊಂಡರು.

ಬಸಪ್ಪ ಹೊರಟಿತು. ಜನ ದಾರಿ ಬಿಟ್ಟರು. ಗ್ರಾಫಿಕ್ಸ್ ಕಾರ್ಡಿನ ಮುಂದೆ ನಿಂತಿತು, ಅದರ ಮೇಲಿನ ಹೂ ತಿಂದಿತು. ರ‍್ಯಾಮಿನ ಹೂವನ್ನೂ ತಿಂದಿತು. ಹಾರ್ಡ್ ಡಿಸ್ಕಿನ ಹೂವನ್ನೂ ಬಿಡಲಿಲ್ಲ. ನನ್ನ ಪವರ್ ಸಪ್ಲೈ ಬಂದಾಗ ನನ್ನ ಎದೆ ಹೊಡೆದುಕೊಂಡದ್ದನ್ನು ಈಗ ಹೇಳಲು ನಾಚಿಕೆಯಿಲ್ಲ. ಅದರ ಹೂವನ್ನಂತೂ ಮೂಸಿಯೂ ನೋಡಲಿಲ್ಲ. ನೆಟ್ಟಗೆ ನಡೆದು ಕಂಪ್ಯೂಟರಿನ ಹತ್ತಿರ ಹೋಗಿ, ತೆರೆದ ಬಾಗಿಲೊಳಗೆ ಮೂತಿ ತೂರಿಸಿತು.

ಒಳಗೆ ಬೆಲ್ಲವಿತ್ತು. ಹತ್ತು ವರ್ಷದ ಮಂಗಳವಾರ, ಶುಕ್ರವಾರಗಳಲ್ಲಿ ತೂತಿನಿಂದ ಒಳಗೆ ಬಿದ್ದ ನೈವೇದ್ಯ ಕರಗಿ ಅಂಟಿಕೊಂಡಿತ್ತು. ಬೆಲ್ಲದ ಜೊತೆಗೆ ಹತ್ತು ವರ್ಷದ ವಿಭೂತಿ, ಕುಂಕುಮ, ಊದುಬತ್ತಿಯ ಬೂದಿ ಎಲ್ಲ ಫ್ಯಾನಿನ ರೆಕ್ಕೆಗಳ ಮೇಲೆ ಬೆರಳು ದಪ್ಪ ಕೂತಿತ್ತು. ಬಸಪ್ಪ ಬೆಲ್ಲಕ್ಕೆಂದು ನಾಲಗೆ ಚಾಚಿ, ಆಸೆಯಿಂದ ಜೋರಾಗಿ ಉಸಿರೆಳೆದುಕೊಂಡಿತು. ಎಳೆದುಕೊಂಡದ್ದು ವಿಭೂತಿ.

ಬಸಪ್ಪ ಸೀನಿತು.

ಎತ್ತು ಸೀನುವುದನ್ನು ನೀವು ಹತ್ತಿರದಿಂದ ಕಂಡಿರಲಾರಿರಿ. ಡಬ್ಬದಿಂದ ಬಿಳಿ ಮೋಡವೊಂದು ಎದ್ದು, ನೆಟ್ಟಗೆ ಬಂದು, ಎದುರಿಗೆ ಕೈ ಮುಗಿದು ನಿಂತಿದ್ದ ಬಸವಕುಮಾರನನ್ನು ಅಡಿಯಿಂದ ಮುಡಿಯವರೆಗೆ ನುಂಗಿತು. ಮೋಡ ಇಳಿದಾಗ ಅವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು.

ಗುಂಪಿನಲ್ಲಿ ಒಬ್ಬರು, "ಒಂಟಿ ಸೀನು" ಎಂದರು. ಒಂಟಿ ಸೀನು ಅಪಶಕುನವೆಂದು ಯಾರಿಗೆ ಗೊತ್ತಿಲ್ಲ? ಅದೂ ದೇವರೇ ಸೀನಿದರೆ! ಮಾಲಿನಿ ಬಾಯಿಗೆ ಸೆರಗು ಅಡ್ಡ ಹಿಡಿದಳು. ವಿಭೂತಿಯ ಒಳಗಿಂದ ಬಸವಕುಮಾರನ ಧ್ವನಿ ಬಂತು: "ಇನ್ನೊಂದು ಬರ್ತದೆ, ತಡೀರಿ."

ಬಂತು. ಮೊದಲನೆಯದಕ್ಕಿಂತ ಜೋರಾಗಿ. ಈ ಸಲ ಕುಂಕುಮ.

"ಜೋಡಿ ಸೀನು! ಸುಭ!" ಎಂದು ದೊಡ್ಡಮಾದಪ್ಪನವರು ಕೂಗಿದರು. ಜನ ಹೋ ಎಂದು ಚಪ್ಪಾಳೆ ತಟ್ಟಿದರು. ಚಿಕ್ಕಸಿದ್ದಯ್ಯ ಬಸಪ್ಪನ ಕೊರಳು ಸವರಿ ತೀರ್ಪು ಕೊಟ್ಟ: "ಯಾವ್ ಪಾರ್ಟೂ ಬ್ಯಾಡ ಅಂತದೆ ಬಸಪ್ಪ. ಇದ್ದದ್ನೇ ಸರಿಮಾಡ್ಬುಡ್ತು."

"ನಾನ್ ಮೊದ್ಲಿಂದ್ಲೂ ಇದನ್ನೇ ಹೇಳ್ತಿದ್ದೆ" ಎಂದ ಬಸವಕುಮಾರ, ಮೂಗಿನಿಂದ ಕುಂಕುಮ ಒರೆಸಿಕೊಳ್ಳುತ್ತ.

ಮಾವನ ಮನೆಯ ಟೀವಿಗೆ ಜೋಡಿಸಿ ಡಬ್ಬ ಚಾಲೂ ಮಾಡಿದೆವು. ಗಿರಣಿಯ ಸದ್ದಿಲ್ಲ. ವರ್ಷಗಳಿಂದ ತಿಣುಕುತ್ತಿದ್ದ ಫ್ಯಾನು ನಿಶ್ಶಬ್ದವಾಗಿ ತಿರುಗುತ್ತಿತ್ತು. ಅರ್ಧ ಗಂಟೆಯಾದರೂ ಡಬ್ಬ ತಣ್ಣಗೇ ಇತ್ತು. ಈ ಸುದ್ದಿ ಹೊರಗೆ ಹೋದದ್ದೇ ತಡ, ಊರಿನವರು ಕೆಟ್ಟ ಮಿಕ್ಸಿ, ಪಂಪ್‌ಸೆಟ್ಟಿನ ಸ್ಟಾರ್ಟರ್, ನೀರಿಗೆ ಬಿದ್ದ ಮೊಬೈಲುಗಳನ್ನೆಲ್ಲ ತಂದು ಬಸಪ್ಪನ ಮುಂದೆ ಸಾಲು ನಿಂತರು. ಚಿಕ್ಕಸಿದ್ದಯ್ಯ, "ಬಸಪ್ಪಂಗೆ ನೆಗಡಿ ಆಗದೆ, ಓಗಿ" ಎಂದು ಕೊಟ್ಟಿಗೆ ಬಾಗಿಲು ಹಾಕಿಕೊಂಡ. ಮಹದೇವಪ್ರಸಾದ್ ತನ್ನ ನಾಲ್ಕು ಖಾಲಿ ಪೆಟ್ಟಿಗೆಗಳನ್ನು ಬೈಕಿಗೆ ಕಟ್ಟುತ್ತ, "ಬಿಚ್ಚಿ ನೋಡ್ತೀನಿ ಅಂತ ಅವತ್ತೇ ಹೇಳಿದ್ನಲ್ಲಾ ಸಾ, ಇದ್ನೇ ಬ್ರಶ್ಶಲ್ಲಿ ಮಾಡ್ತಿದ್ದೆ" ಎಂದು ನನ್ನೊಬ್ಬನಿಗೆ ಕೇಳುವಂತೆ ಗೊಣಗಿದ.

ಬಸಪ್ಪನೇ ಸರಿಮಾಡಿದ ಮೇಲೆ ಅಭ್ಯಾಸ ಯಾಕೆ ಎಂದು ಬಸವಕುಮಾರ ಆ ವಾರ ಒಮ್ಮೆಯೂ ಆಡಲಿಲ್ಲ. ಪಂದ್ಯದ ಭಾನುವಾರ ಬಂತು. ಬಸವಕುಮಾರನ ನಡುಮನೆ ತುಂಬಿತ್ತು. ಮಾವ ಅತ್ತೆ ಹಿಂದಿನ ದಿನವೇ ಬಂದಿದ್ದರು. ಮಹದೇವಪ್ರಸಾದ್, ಕ್ಷೌರದ ಶಿವಶಂಕರ, ಬೀದಿಯವರು ಎಲ್ಲ ಇದ್ದರು. ಯಳಂದೂರಿನಿಂದ ರಂಗರಾಜು ಫೋನಿನ ಸ್ಪೀಕರಿನಲ್ಲಿ ಇದ್ದ. ಅವನ ಹಿಂದೆ ಇಡೀ ಕಚೇರಿಯೇ ಸೇರಿದಂತಿತ್ತು, ನಗು ಕೇಳಿಸುತ್ತಿತ್ತು.

ಹನ್ನೊಂದಕ್ಕೆ ಸರಿಯಾಗಿ ಬಸವಕುಮಾರ ಲಾರಿ ಬಿಟ್ಟ. ಆರು ತಿರುವು ನೀರು ಕುಡಿದಂತೆ ಹತ್ತಿದ. ಏಳನೆಯದು ಬಂತು. ಚಿತ್ರ ನಿಲ್ಲಲಿಲ್ಲ. ಡಬ್ಬ ಸದ್ದು ಮಾಡಲಿಲ್ಲ. ಎಲ್ಲವೂ ಕನ್ನಡಿಯಂತೆ ಸ್ವಚ್ಛವಾಗಿ ಕಾಣುತ್ತಿದ್ದಾಗ ಬಸವಕುಮಾರ ತನ್ನ ಕೈಯಾರೆ, ಯಾರ ಸಹಾಯವೂ ಇಲ್ಲದೆ, ಲಾರಿಯನ್ನು ಕಮರಿಗೆ ಇಳಿಸಿದ.

"ಕಂಪ್ಯೂಟ್ರು ನಿಂತಿಲ್ವಲ್ಲಾ ಅಳೀಂದ್ರೆ?" ಎಂದರು ದೊಡ್ಡಮಾದಪ್ಪನವರು.

"ಇಲ್ಲ ಮಾವ."

"ಮತ್ತೆ ಲಾರಿ ಯಾಕ್ ಬಿತ್ತು?"

"ರಸ್ತೆ ಸರಿ ಇಲ್ಲ ಮಾವ. ಕಂಟ್ರಾಕ್ಟರು ಡಾಂಬರು ತಿಂದಿದ್ದಾನೆ."

"ಕುಣೀನಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದು ಪುಟ್ಟಮಲ್ಲಮ್ಮನವರು ಗೋಡೆಗೆ ಹೇಳಿದರು. ಗೋಡೆಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಫೋನಿನಲ್ಲಿ ರಂಗರಾಜು ನಗು ತಡೆಯಲಾರದೆ, "ಕುಮಾರಣ್ಣ, ಒಂದ್ ಸರದಿ ನಂದಾಯ್ತು. ಅಣ್ಣಾ ಅನ್ನೋದ ಈಗ್ಲಿಂದ್ಲೇ ಅಭ್ಯಾಸ ಮಾಡ್ಕಳಿ. ಇಲ್ಲಾ, ಮನೇಲಿ ಬ್ಯಾರೆ ಯಾರಾದ್ರೂ ಓಡ್ಸೋರಿದ್ರೆ ಕೂರ್ಸಿ, ನಂದೇನ್ ಅಭ್ಯಂತ್ರ ಇಲ್ಲ" ಎಂದ.

ಬಸವಕುಮಾರ ಕಮರಿಯಲ್ಲಿ ಬಿದ್ದ ಲಾರಿಯನ್ನೇ ನೋಡುತ್ತ ಕುಳಿತ. ಹದಿನೈದು ವರ್ಷದಿಂದ ಅವನ ಪಕ್ಕದ ಮನೆಯಲ್ಲಿರುವ ನಾನು ಅವನ ಮುಖದಲ್ಲಿ ಅನುಮಾನ ಕಂಡದ್ದು ಅದೇ ಮೊದಲು. ನನಗೆ ಅಯ್ಯೋ ಅನ್ನಿಸಿತು.

ಆಗ ಅಡುಗೆಮನೆ ಬಾಗಿಲಿನಿಂದ ಮಾಲಿನಿ ಹೇಳಿದಳು: "ರೀ, ಎದ್ದೇಳಿ. ಶೃತಿ, ನೀನ್ ಕೂತ್ಕೊ."

ಶೃತಿ ಕುಳಿತಳು. ಮೊದಲು ಆಟದ ಸೆಟ್ಟಿಂಗ್ ಪಟ್ಟಿ ತೆರೆದು ಏನನ್ನೋ ಒತ್ತಿದಳು. ಪರದೆಯ ಮೇಲಿದ್ದ ಮರಗಳ ಎಲೆಗಳೆಲ್ಲ ಮಾಯವಾಗಿ, ಬೆಟ್ಟ ಬೋಳಾಗಿ, ಬರೀ ರಸ್ತೆ ಉಳಿಯಿತು. "ಈ ಹಳೇ ಕಂಪ್ಯೂಟ್ರಿಗೆ ಇಷ್ಟೆಲ್ಲ ಎಲೆ ಹೊರೋಕಾಗಲ್ಲ" ಎಂದಳು ತನ್ನಷ್ಟಕ್ಕೆ. ಲಾರಿ ಬಿಟ್ಟಳು. ಏಳನೇ ತಿರುವಿಗೆ ಇನ್ನೂ ದೂರವಿರುವಾಗಲೇ ಗೇರ್ ಇಳಿಸಿದಳು. ಲಾರಿ ನಿಧಾನವಾಗಿ, ಅಗಲಕ್ಕೆ ಹೋಗಿ, ತಿರುಗಿ, ಮೇಲೆ ಹತ್ತಿತು. ಎಂಟು, ಒಂಬತ್ತು, ಹತ್ತು. ನಾವು ನೋಡೇ ಇರದ ತಿರುವುಗಳು ಬಂದವು, ಬೆಟ್ಟದ ತುದಿ ಬಂತು. ಎರಡನೇ ಸರದಿ ಗೆದ್ದಳು. ಮೂರನೆಯದನ್ನೂ ಗೆದ್ದಳು. ದೊಡ್ಡಮಾದಪ್ಪನವರ ಶಿಳ್ಳೆಗೆ ಎದುರು ಮನೆಯ ನಾಯಿ ಬೊಗಳಿತು.

"ನೀನ್ ಯಾವಾಗ ಕಲಿತೆ?" ಎಂದ ಬಸವಕುಮಾರ.

"ಎರಡು ವರ್ಷ ಆಯ್ತು ಅಪ್ಪ. ಸ್ಕೂಲಿಂದ ಬಂದ್ಮೇಲೆ, ನೀವು ಬರೋ ತನಕ. ಎಲೆ ತೆಗೆದು ಆಡಿ ಆಮೇಲೆ ವಾಪಸ್ ಹಾಕಿಡ್ತಿದ್ದೆ, ನನಗೆ ಒಂದ್ಸಲಾನೂ ಹ್ಯಾಂಗ್ ಆಗಿಲ್ಲ." ಅಪ್ಪನ ಕಡೆ ತಿರುಗಿ ಹೇಳಿದಳು: "ಕ್ಷೌರದ ಅಂಗಡೀಲಿ ಕೇಳಿದ್ರಿ. ಬಸಪ್ಪನ್ನೂ ಕೇಳಿದ್ರಿ. ನನ್ನೊಬ್ಳನ್ನ ಕೇಳ್ಲಿಲ್ಲ."

ಯಾರೂ ನಗಲಿಲ್ಲ. ನನಗೂ ನಾಚಿಕೆಯಾಯಿತು. ಜಗಲಿಯಲ್ಲಿ ತಲೆಯಾಡಿಸಿದವನು ನಾನೇ ಅಲ್ಲವೇ?

ಫೋನಿನಲ್ಲಿ ರಂಗರಾಜು, "ಈಗ ಓಡ್ಸಿದ್ದು ಯಾರು ಕುಮಾರಣ್ಣ?" ಎಂದ.

"ನನ್ನ ಮಗಳು. ಒಂಬತ್ತನೇ ಕ್ಲಾಸು" ಎಂದ ಬಸವಕುಮಾರ. ಅಷ್ಟು ಹೆಮ್ಮೆಯಿಂದ ಅವನು ತನ್ನ ಬಗ್ಗೆ ಕೂಡ ಎಂದೂ ಮಾತಾಡಿರಲಿಲ್ಲ.

ಯಳಂದೂರಿನಲ್ಲಿ ಗುಸುಗುಸು ನಡೆಯಿತು. ಗೆದ್ದವರು ಯಾರೇ ಆಗಲಿ ಎಂದು ಮಾತಾಗಿತ್ತಲ್ಲ. ಕೊನೆಗೆ ರಂಗರಾಜು ಗಂಟಲು ಸರಿಮಾಡಿಕೊಂಡ. "ಅಕ್ಕಾ, ನಮಸ್ಕಾರ" ಎಂದ. ಆ ಕಡೆ ಕಚೇರಿಯವರೂ ಈ ಕಡೆ ಬೀದಿಯವರೂ ಒಟ್ಟಿಗೆ ನಕ್ಕದ್ದಕ್ಕೆ ಫೋನು ಕೀಚಲು ಸದ್ದು ಮಾಡಿತು. "ಇರ್ಲಿ ಬಿಡಿ ಅಂಕಲ್, ಒಂದ್ಸಲ ಸಾಕು" ಎಂದಳು ಶೃತಿ.

ಗಲಾಟೆ ತಣ್ಣಗಾದ ಮೇಲೆ ಬಸವಕುಮಾರ ಮಗಳ ಎದುರಿಗೆ ಬಂದು ನಿಂತ. ಮಾಲಿನಿ ಒಪ್ಪಿದ ಒಂದು ಪಾರ್ಟು ಇನ್ನೂ ಬಾಕಿಯಿತ್ತು. "ಅಮ್ಮಾ, ನೀನೇ ಹೇಳು. ಯಾವುದು ತರಲಿ?" ಎಂದು ಕೇಳಿದ. ಮೂಲೆಯಲ್ಲಿದ್ದ ಮಹದೇವಪ್ರಸಾದ್ ಎದ್ದು ನಿಂತ.

ಶೃತಿ ಡಬ್ಬವನ್ನು ನೋಡಿದಳು. ಅಪ್ಪನನ್ನು ನೋಡಿದಳು.

"ಇನ್ನೊಂದು ಕುರ್ಚಿ ತನ್ನಿ ಅಪ್ಪ. ಪಕ್ಕದಲ್ಲಿ ಕೂತ್ಕೊಂಡ್ರೆ ಹೇಳ್ಕೊಡ್ತೀನಿ."

ಬಸವಕುಮಾರ ಆ ಕ್ಷಣವೇ ಚಪ್ಪಲಿ ಮೆಟ್ಟಿದ. ಭಾನುವಾರ ಅಂಗಡಿ ತೆಗೆದಿರುವುದಿಲ್ಲ ಎಂದೆ. ಅವನು ನಿಲ್ಲಲಿಲ್ಲ. ನೆಟ್ಟಗೆ ನಮ್ಮ ಮನೆಗೆ ನುಗ್ಗಿ, ಜಗಲಿಯಲ್ಲಿದ್ದ ನನ್ನ ಕುರ್ಚಿಯನ್ನೇ ತಲೆಯ ಮೇಲೆ ಹೊತ್ತುಕೊಂಡು ಬಂದು ಮಗಳ ಪಕ್ಕಕ್ಕೆ ಹಾಕಿ ಕುಳಿತ. ಅದಾಗಿ ನಾಲ್ಕು ತಿಂಗಳಾಯಿತು, ಕುರ್ಚಿ ಇನ್ನೂ ಅಲ್ಲೇ ಇದೆ. ನಾನು ಜಗಲಿಯ ಕಲ್ಲಿನ ಮೇಲೆ ಕೂರುತ್ತೇನೆ, ವಾಪಸು ಕೇಳಿಲ್ಲ.